ಗಂಗಲಕ್ಷ್ಮಮ್ಮ ಪಣಕ್ಕಿಟ್ಟ ಭುಜ

ವಿರೂಪಾಕ್ಷಿಪುರದ ಆಚೀಚೆ ನಾಲ್ಕೂರಿನಲ್ಲಿ ಯಾರ ಮನೆಯ ರೇಷ್ಮೆ ಹುಳ ಹಣ್ಣಾಗುವ ಹೊತ್ತಾದರೂ ಮೊದಲು ಫೋನು ಹೋಗುವುದು ಗಂಗಲಕ್ಷ್ಮಮ್ಮನಿಗೆ. ಆಕೆ ಬಂದು ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, "ಇನ್ನೊಂದು ಮೇವು ಹಾಕಿ, ಆಮೇಲೆ ಗೂಡು ಕಟ್ಟಕ್ಕೆ ಬುಡಿ" ಎಂದರೆ ಮುಗಿಯಿತು. ರೇಷ್ಮೆ ಇಲಾಖೆಯವರು ಬಂದು ಬೇರೆ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಐವತ್ಮೂರು ವರ್ಷದ ಹೆಂಗಸು, ಅದರಲ್ಲಿ ಮೂವತ್ತು ವರ್ಷ ಹುಳದ ಜೊತೆಯೇ ಕಳೆದವಳು. ಗೊತ್ತಿದ್ದನ್ನು ಗೊತ್ತಿಲ್ಲ ಎನ್ನುವ ನಾಜೂಕು ಆಕೆಗೆ ಬರುವುದಿಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿದೆ ಎನ್ನುವ ಚಾಳಿ ಮಾತ್ರ ಒಂದಿಷ್ಟು ಇದೆ. ಅದನ್ನು ಮುಚ್ಚಿಟ್ಟು ಈಕೆಯ ಬಗ್ಗೆ ಹೇಳಿದರೆ ಅರ್ಧ ಹೆಂಗಸನ್ನು ತೋರಿಸಿದ ಹಾಗಾಗುತ್ತದೆ.

ಎರಡೆಕರೆ ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ಹುಳದ ಮನೆ. ಒಳಗೆ ನಾಲ್ಕು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡುಗಳು. ತೋಟಕ್ಕೆ ನೀರು ಬಿಡುವುದು, ಕಡ್ಡಿ ಕೊಯ್ದು ತರುವುದು ಗಂಡ ಹನುಮಂತಯ್ಯನ ಕೆಲಸ. ಹುಳದ ಮನೆಯ ಹೊಸಿಲು ದಾಟಿದ ಮೇಲೆ ಆತನ ಮಾತು ನಡೆಯುವುದಿಲ್ಲ. ಅಲ್ಲಿ ಬೀಡಿ ಸೇದಿದ ಬಾಯಿಗೆ ಪ್ರವೇಶವಿಲ್ಲ, ತಲೆಗೆ ಪರಿಮಳದ ಎಣ್ಣೆ ಹಚ್ಚಿದವರಿಗಿಲ್ಲ, ನೋವಿನ ಮುಲಾಮು ಬಳಿದುಕೊಂಡವರಿಗಂತೂ ಇಲ್ಲವೇ ಇಲ್ಲ. ಹುಳಕ್ಕೆ ಘಾಟು ಆಗದು. ಸೊಸೆ ರಮ್ಯಾ ಮದುವೆಯಾದ ಹೊಸದರಲ್ಲಿ ಮಲ್ಲಿಗೆ ಮುಡಿದು ಒಳಗೆ ಕಾಲಿಟ್ಟು ಅತ್ತೆಯಿಂದ ಸರಿಯಾಗಿ ಉಗಿಸಿಕೊಂಡಿದ್ದಳು.

ಹಾಗಾಗಿ ಬಲಭುಜ ನೋಯಲು ಶುರುವಾದಾಗ ಗಂಗಲಕ್ಷ್ಮಮ್ಮ ಅದಕ್ಕೆ ಏನನ್ನೂ ಹಚ್ಚಲಿಲ್ಲ. ಮೊದಮೊದಲು ಆ ಮಗ್ಗುಲಾಗಿ ಮಲಗಿದರೆ ನೋವು. ಆಮೇಲೆ ನಾಲ್ಕನೇ ಅಂತಸ್ತಿಗೆ ಸೊಪ್ಪು ಎತ್ತಿ ಹಾಕುವಾಗ ಕಣ್ಣಿಗೆ ಕತ್ತಲೆ ಬರುವಷ್ಟು ನೋವು. ಯುಗಾದಿ ಕಳೆಯುವ ಹೊತ್ತಿಗೆ ಕೈ ಹಿಂದಕ್ಕೆ ಹೋಗುವುದೇ ನಿಂತಿತು. ರವಿಕೆ ತೋಳಿಗೆ ಕೈ ತೂರಿಸಲು ಆಗದು, ತುರುಬು ಕಟ್ಟಲು ಆಗದು. ಬೆಳಿಗ್ಗೆ ರಮ್ಯಾ ಹಿಂದೆ ನಿಂತು ಕೂದಲು ಗಂಟು ಹಾಕುವಾಗ ಗಂಗಲಕ್ಷ್ಮಮ್ಮನ ಮುಖ ಸಿಂಡರಿಸುತ್ತಿತ್ತು. ಇನ್ನೊಬ್ಬರ ಕೈಯಲ್ಲಿ ತಲೆ ಕೊಟ್ಟು ಕೂರುವುದೆಂದರೆ ಆಕೆಗೆ ಸಿಟ್ಟು.

ಹನುಮಂತಯ್ಯ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿ, "ಮೂಳೆ ಎಲ್ಲ ಸರಿಯಾಗಿದೆ. ಮಾತ್ರೆ ಕೊಟ್ಟಿದೀನಿ, ಹದಿನೈದು ದಿನದಲ್ಲಿ ಕಡಿಮೆ ಆಗದಿದ್ರೆ ತಪ್ಪದೆ ಮತ್ತೆ ಬನ್ನಿ" ಎಂದರು. ಗಂಡ ಹೆಂಡತಿ ಬಸ್ಸು ಹತ್ತಿ ಊರು ಸೇರುವಷ್ಟರಲ್ಲಿ ಆ ಎರಡನೇ ಮಾತು ಇಬ್ಬರ ತಲೆಯಿಂದಲೂ ಉದುರಿಹೋಯಿತು. ಮನೆ ತಲುಪಿದ್ದು ಮೊದಲನೇ ಮಾತು ಮಾತ್ರ. ಅದೂ ಹನುಮಂತಯ್ಯನ ಬಾಯಲ್ಲಿ ಒಸಿ ಬೇರೆ ರೂಪ ತಾಳಿ ಬಂತು.

"ಫೋಟೋದಲ್ಲಿ ಏನೂ ಇಲ್ವಂತೆ" ಎಂದು ಆತ ಜಗಲಿಯಲ್ಲಿ ಕೂತವರಿಗೆಲ್ಲ ಹೇಳಿದ. "ವಯಸ್ಸಾಯ್ತು ಕಣ್ಲಾ, ಮೊದಲಿನಂಗೆ ಆಗಕ್ಕಿಲ್ಲ. ಅದನ್ನ ಒಪ್ಕಳಕ್ಕೆ ಇವಳ ಮನಸ್ಸು ಬರಲ್ಲ, ಅದಕ್ಕೆ ನೋವು ನೋವು ಅಂತಾಳೆ."

ಹೆಂಡತಿ ಒಳಗಿನಿಂದ ಕೇಳಿಸಿಕೊಂಡಳು. ನೋವಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಒಂದು ದಿನವೂ ಮೈಗಳ್ಳತನ ಮಾಡಿದವಳಲ್ಲ, ಹೆರಿಗೆಯಾದ ಇಪ್ಪತ್ತನೇ ದಿನಕ್ಕೆ ಹುಳಕ್ಕೆ ಸೊಪ್ಪು ಹಾಕಿದವಳು. ಈಗ ಒಂದು ಕಪ್ಪು ಹಾಳೆಯಲ್ಲಿ ಏನೂ ಕಾಣಲಿಲ್ಲವೆಂದು ಕಟ್ಟಿಕೊಂಡ ಗಂಡನೇ ಸುಳ್ಳಿಯ ಪಟ್ಟ ಕಟ್ಟಿದ್ದ.

ಇಲ್ಲಿ ಆಕೆ ತನ್ನ ವಿದ್ಯೆಯನ್ನೇ ನಂಬಿ ಒಂದು ತಪ್ಪು ಮಾಡಿದಳು. ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಆ ಕಡೆಯವರು ಹುಳ ಜ್ವರಕ್ಕೆ ಕೂತಿವೆ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸ್ಟ್ಯಾಂಡು ಅಲುಗಿಸಬಾರದು. ಸುಮ್ಮನೆ ಬಿಟ್ಟರೆ ಹೊತ್ತು ನೋಡಿಕೊಂಡು ತಾವೇ ಏಳುತ್ತವೆ. ಗಂಗಲಕ್ಷ್ಮಮ್ಮ ತನ್ನ ಭುಜವನ್ನು ನೋಡಿದಳು. ಅದೂ ಹಾಗೆಯೇ ಕೂತಿದೆ ಎಂದು ತೀರ್ಮಾನ ಮಾಡಿದಳು. ಹಳೇ ಸೀರೆ ಹರಿದು ಕುತ್ತಿಗೆಗೆ ಜೋಲಿ ಕಟ್ಟಿ, ಬಲಗೈಯನ್ನು ಎದೆಗೆ ಅವಚಿಕೊಂಡು, "ಇದನ್ನ ಯಾರೂ ಮುಟ್ಬೇಡಿ, ಅದರ ಪಾಡಿಗೆ ಅದು ಏಳ್ತದೆ" ಎಂದು ಅಪ್ಪಣೆ ಹೊರಡಿಸಿದಳು. ಮನೆಯಲ್ಲಿ ಎದುರು ಮಾತಾಡುವ ಗಂಡಸರಿರಲಿಲ್ಲ, ಹೆಂಗಸರೂ ಇರಲಿಲ್ಲ.

ಮೂರು ತಿಂಗಳು ಕಟ್ಟಿಯೇ ಇಟ್ಟಳು. ರಾತ್ರಿಯ ಚುಚ್ಚು ನೋವು ಒಸಿ ತಗ್ಗಿತು, ಅದನ್ನೇ ಗುಣವೆಂದುಕೊಂಡಳು. ಆದರೆ ಜೋಲಿ ಬಿಚ್ಚಿದ ದಿನ ಕೈ ಸೊಂಟದಿಂದ ಮೇಲಕ್ಕೆ ಏಳಲಿಲ್ಲ. ಆ ತಿಂಗಳ ಬೆಳೆಯಲ್ಲಿ ರಮ್ಯಾ ಒಬ್ಬಳೇ ಮೇಲಿನ ಎರಡು ಅಂತಸ್ತು ನೋಡಿಕೊಂಡು ಸುಸ್ತಾದಳು, ಅಷ್ಟಿಷ್ಟು ಹುಳ ಸತ್ತವು.

ಆಗ ಬಂದವನು ಪಕ್ಕದ ತೋಟದ ಶಿವಕುಮಾರ್. ಒಳ್ಳೆಯ ಹುಡುಗನೇ, ಆದರೆ ಬಾಳೆ ಹಾಕಬೇಕೆಂದು ಎರಡು ವರ್ಷದಿಂದ ಆ ಎರಡೆಕರೆಯ ಮೇಲೆ ಕಣ್ಣಿಟ್ಟಿದ್ದ. ಹಿಪ್ಪುನೇರಳೆ ಬುಡ ಸಮೇತ ಕಿತ್ತು ಐದು ವರ್ಷಕ್ಕೆ ತೋಟ ಗುತ್ತಿಗೆಗೆ ಕೊಡಿ ಎಂದ. ಹನುಮಂತಯ್ಯನಿಗೂ ಅದು ಸರಿ ಎನ್ನಿಸಿತು.

"ಸೊಸೆ ಒಬ್ಳೇ ಎಷ್ಟು ಅಂತ ಮಾಡ್ತಾಳೆ? ಸಾಕು ಬುಡು ಗಂಗಿ. ಮೂವತ್ತು ವರ್ಷ ಮಾಡಿದ್ದೀಯ."

"ಸೊಪ್ಪು ಕಿತ್ರೆ ನಾನು ಏನ್ ಮಾಡ್ಲಿ? ಜಗಲಿ ಮೇಲೆ ಕುಂತು ನಿಮ್ಮ ಮುಖ ನೋಡ್ಲಾ?"

"ಮೈಯಲ್ಲಿ ಏನೂ ಇಲ್ಲ ಅಂತ ಫೋಟೋನೇ ಹೇಳೈತೆ. ಏನೂ ಇಲ್ದಿದ್ರೂ ಕೈ ಏಳಲ್ಲ ಅಂದ್ರೆ ವಯಸ್ಸು ತಾನೆ?"

ಗಂಗಲಕ್ಷ್ಮಮ್ಮ ಹುಳದ ಬಗ್ಗೆ ತೀರ್ಪು ಕೊಡುವ ಅದೇ ದನಿಯಲ್ಲಿ ಹೇಳಿದಳು. "ಇನ್ನೊಂದು ಫೋಟೋ ತೆಗೆಸಿ. ಅದರಲ್ಲೂ ಏನೂ ಇಲ್ಲ ಅಂದ್ರೆ ತೋಟ ಶಿವಕುಮಾರಂಗೆ ಬರ್ಕೊಡಿ, ನಾನೇ ಹೆಬ್ಬೆಟ್ಟು ಒತ್ತೀನಿ. ಇದೆ ಅಂದ್ರೆ ಇನ್ನು ಈ ಮನೇಲಿ ತೋಟದ ಮಾತು ಎತ್ಕೂಡದು."

ಹೆಂಡತಿ ಸಹಿ ಮಾಡಬಲ್ಲಳು, ಹೆಬ್ಬೆಟ್ಟು ಎಂದದ್ದು ಹಟಕ್ಕೆ ಎಂದು ಹನುಮಂತಯ್ಯನಿಗೆ ಗೊತ್ತಿತ್ತು. ಒಪ್ಪಿಕೊಂಡ. ಶಿವಕುಮಾರನಿಗೆ ಒಂದು ವಾರದ ಗಡುವು ಹೇಳಿದ. ಚನ್ನಪಟ್ಟಣದ ಡಾಕ್ಟರ ಹತ್ತಿರ ಹೋದಾಗ ಅವರು ಜೋಲಿಯ ಗುರುತು ಬಿದ್ದ ಕುತ್ತಿಗೆ ನೋಡಿ, "ಹದಿನೈದು ದಿನಕ್ಕೆ ಬನ್ನಿ ಅಂದ್ರೆ ಈಗ ಬರ್ತಿದೀರಲ್ಲ" ಎಂದು ಬೇಸರಪಟ್ಟುಕೊಂಡು, ರಾಮನಗರದಲ್ಲಿ ಭುಜದ ಸ್ಕ್ಯಾನ್ ಮಾಡಿಸಲು ಚೀಟಿ ಬರೆದರು.

ರಾಮನಗರದ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಸುತ್ತ ಬಸುರಿಯರೇ. ನಡುವೆ ಗಂಗಲಕ್ಷ್ಮಮ್ಮ ನೆಟ್ಟಗೆ ಕೂತಿದ್ದಳು. ಹೆಸರು ಕರೆದದ್ದು ಶಬ್ನಮ್ ಎಂಬ ಹುಡುಗಿ, ಡಾಕ್ಟರಿಗೆ ಸಹಾಯಕಿ. ಊರಿನ ಹೆಸರು ಕೇಳಿದವಳೇ ನಕ್ಕಳು.

"ನಮ್ದು ನೂಲು ತೆಗೆಯೋ ಮನೆ ಅಮ್ಮ. ವಿರೂಪಾಕ್ಷಿಪುರದ ಗೂಡು ಅಂದ್ರೆ ನಮ್ಮಪ್ಪ ಮಾರ್ಕೆಟ್ಟಲ್ಲಿ ಕಣ್ಣು ಮುಚ್ಕೊಂಡು ಹರಾಜು ಕೂಗ್ತಾರೆ."

"ಕೂಗೋವಾಗ ಕಣ್ಣು ಮುಚ್ತಾರೆ, ಮನೆಗೆ ಒಯ್ದ ಮೇಲೆ ನೂಲು ಬರ್ಲಿಲ್ಲ ಅಂತ ಬಾಯಿ ಬಿಡ್ತಾರೆ" ಎಂದಳು ಗಂಗಲಕ್ಷ್ಮಮ್ಮ. ಗೂಡು ಬೆಳೆಯುವವರಿಗೂ ನೂಲು ತೆಗೆಯುವವರಿಗೂ ಈ ಜಗಳ ಹೊಸದಲ್ಲ. ಶಬ್ನಮ್ ನಗುತ್ತಲೇ ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದಳು. ಹನುಮಂತಯ್ಯ ಬಾಗಿಲ ಬಳಿ ನಿಂತ.

ಡಾಕ್ಟರು ಲತಾಮಣಿ, ಮಾಗಡಿಯ ಕಡೆಯವರು. ಮಿಷನ್ ಮುಟ್ಟುವ ಮುಂಚೆ ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ ಹಿಡಿದು, ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಲು ಹೇಳಿದರು. ಎಡಗೈ ಸಲೀಸಾಗಿ ತೆರೆಯಿತು. ಬಲಗೈ ಎರಡಂಗುಲ ಹೋಗಿ ನಿಂತಿತು. ಡಾಕ್ಟರು ತಾವೇ ಹಿಡಿದು ಮೆಲ್ಲಗೆ ತಿರುಗಿಸಲು ನೋಡಿದರು. ಅದು ಜರುಗದಿದ್ದಾಗ ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ಭುಜಕ್ಕೆ ತಣ್ಣನೆಯ ಅಂಟು ಬಳಿದು, ಸಾಬೂನಿನಷ್ಟು ಗಾತ್ರದ ಉಪಕರಣ ಓಡಿಸಿದರು. ಪರದೆಯ ಮೇಲೆ ಬೂದಿ ಬಣ್ಣದ ಪಟ್ಟೆಗಳು ಎದ್ದವು. ಡಾಕ್ಟರು ಒಂದೊಂದನ್ನೇ ನೋಡುತ್ತ ಶಬ್ನಮ್‌ಗೆ ಬರೆಸುತ್ತಾ ಹೋದರು.

"ಮೇಲಿನ ಸ್ನಾಯುವಿನ ತಂತು ಸರಿಯಾಗಿದೆ. ಹರಿದಿಲ್ಲ."

ಹನುಮಂತಯ್ಯ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಒಳಗೆ ಬಂದ.

"ಹಿಂದಿನದು, ಸರಿಯಾಗಿದೆ. ಸುಣ್ಣ ಕಟ್ಟಿಲ್ಲ."

ಇನ್ನೊಂದು ಹೆಜ್ಜೆ. ಆಸ್ಪತ್ರೆಗೆ ಬಂದವರೆಲ್ಲ ಸರಿಯಾಗಿದೆ ಎಂಬ ಮಾತಿಗೆ ದೇವರಿಗೆ ಹರಕೆ ಹೊರುತ್ತಾರೆ. ಗಂಗಲಕ್ಷ್ಮಮ್ಮನಿಗೆ ಮಾತ್ರ ಪ್ರತಿ ಸರಿಯಾಗಿದೆ ಎಂಬ ಮಾತಿಗೂ ತೋಟದ ಒಂದೊಂದು ಸಾಲು ಬುಡಮೇಲಾದ ಹಾಗೆ ಅನಿಸುತ್ತಿತ್ತು. ಹನ್ನೆರಡು ವರ್ಷದ ಹಿಂದೆ ತಾನೇ ಬಗ್ಗಿ ನೆಟ್ಟ ಕಡ್ಡಿಗಳು. ತನಗೆ ಏನಾದರೂ ಆಗಿರಲಿ ಎಂದು ಅಲ್ಲಿಯ ಗೋಡೆ ನೋಡುತ್ತ ಬೇಡಿಕೊಂಡಳು, ಹಾಗೆ ಬೇಡಿಕೊಂಡದ್ದಕ್ಕೆ ತನ್ನ ಮೇಲೆ ತನಗೇ ನಾಚಿಕೆಯೂ ಆಯಿತು.

"ಬೈಸೆಪ್ಸ್ ತಂತು, ಅದೂ ಜಾಗದಲ್ಲೇ ಇದೆ."

"ಎಲ್ಲ ಸರಿಯಾಗೈತೆ ಅನ್ನಿ ಡಾಕ್ಟ್ರಮ್ಮ" ಎಂದ ಹನುಮಂತಯ್ಯ. ಆತನ ದನಿಯಲ್ಲಿ ಗೆದ್ದ ಹಿಗ್ಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಹೆಂಡತಿಗೆ ದೊಡ್ಡ ಕಾಯಿಲೆಯಿಲ್ಲವಲ್ಲ ಎಂಬ ಸಮಾಧಾನವೇ ಹೆಚ್ಚಿತ್ತು.

"ಸ್ವಲ್ಪ ತಡೀರಿ ಯಜಮಾನ್ರೇ." ಡಾಕ್ಟರು ಉಪಕರಣವನ್ನು ಭುಜದ ಮುಂಭಾಗಕ್ಕೆ ತಂದು, ಎಡಗೈಯಿಂದ ಆಕೆಯ ಮುಂಗೈ ಹಿಡಿದು ಹೊರಕ್ಕೆ ತಿರುಗಿಸಲು ನೋಡಿದರು. ಪರದೆಯ ಪಟ್ಟೆ ಜಾರಿ ಹೊರಬರಬೇಕಿತ್ತು, ಬರಲಿಲ್ಲ. ಅಲ್ಲಿಯೇ ನಿಲ್ಲಿಸಿ ಅಳತೆ ತೆಗೆದರು. ಎಡಭುಜಕ್ಕೂ ಅಂಟು ಬಳಿದು ಅದೇ ಜಾಗ ಅಳೆದರು. ಮತ್ತೆ ಬಲಕ್ಕೆ ಬಂದು ಒಂದು ಗುಂಡಿ ಒತ್ತಿದಾಗ ಬೂದಿಯ ನಡುವೆ ರಕ್ತದ ಓಟ ತೋರಿಸುವ ಕೆಂಪು ಚುಕ್ಕಿಗಳು ಮಿಣುಕಿದವು.

"ಇಲ್ಲಿದೆ ನೋಡಿ ಅಮ್ಮ. ನಿಮ್ಮ ನೋವು ಇಲ್ಲಿದೆ."

ಗಂಗಲಕ್ಷ್ಮಮ್ಮ ಪರದೆ ನೋಡಲಿಲ್ಲ, ಗಂಡನನ್ನು ನೋಡಿದಳು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಭುಜದ ಕೀಲಿನ ಸುತ್ತ ಚೀಲದಂಥ ಒಂದು ಪೊರೆ ಇರುತ್ತದೆ. ಅದು ಸಡಿಲವಾಗಿದ್ದರೆ ಕೈ ಎಲ್ಲ ಕಡೆ ಆಡುತ್ತದೆ. ಈಕೆಯದು ಊದಿಕೊಂಡು, ದಪ್ಪವಾಗಿ, ಬಿಗಿದುಕೊಂಡಿದೆ. ಮುಂದಿನ ಕಟ್ಟು ಎಡಗಡೆಗಿಂತ ಎರಡು ಪಾಲು ದಪ್ಪ. ಫ್ರೋಜನ್ ಶೋಲ್ಡರ್ ಎನ್ನುತ್ತಾರೆ, ಹೆಪ್ಪುಗಟ್ಟಿದ ಭುಜ.

"ಮತ್ತೆ ಆ ಎಕ್ಸ್‌ರೇ?" ಎಂದ ಹನುಮಂತಯ್ಯ.

"ಎಕ್ಸ್‌ರೇ ಸುಳ್ಳು ಹೇಳಿಲ್ಲ. ಅದರಲ್ಲಿ ಮೂಳೆ ಕಾಣುತ್ತೆ, ಈ ಪೊರೆ ಕಾಣಲ್ಲ. ಮೂಳೆ ಸವೆದಿಲ್ಲ, ಮುರಿದಿಲ್ಲ ಅಂತ ಹೇಳ್ತು ಅಷ್ಟೆ. ಅದನ್ನ ನೋಡಿ ಏನೂ ಇಲ್ಲ ಅಂದವರು ಯಾರು?"

ಹನುಮಂತಯ್ಯ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ನಿಜ ಹೇಳ್ಬೇಕು ಅಂದ್ರೆ ಈ ಸ್ಕ್ಯಾನಿಗಿಂತ ಮೊದಲೇ ಅವರ ಕೈ ಹೇಳ್ತು. ಬನ್ನಿ ಇಲ್ಲಿ. ನೀವೇ ಎತ್ತಿ ನೋಡಿ. ಮೆಲ್ಲಗೆ."

ಆತ ಅಂಜುತ್ತಲೇ ಹೆಂಡತಿಯ ಮೊಣಕೈಯನ್ನು ಅಂಗೈಯಲ್ಲಿ ಹೊತ್ತುಕೊಂಡ. "ನೀವು ಸಡಿಲ ಬಿಡಿ ಅಮ್ಮ, ಪೂರ್ತಿ ಭಾರ ಅವರ ಕೈ ಮೇಲೆ ಹಾಕಿ" ಎಂದರು ಡಾಕ್ಟರು. ಗಂಗಲಕ್ಷ್ಮಮ್ಮ ಬಿಟ್ಟಳು. ಹನುಮಂತಯ್ಯ ಎತ್ತಿದ. ಸೊಂಟದಿಂದ ಗೇಣು ಮೇಲೆ ಹೋಗಿ ಕೈ ನಿಂತಿತು. ಹೆಂಡತಿ ತಡೆದದ್ದಲ್ಲ, ಆಕೆಯ ತೋಳು ಬಟ್ಟೆಯ ಹಾಗೆ ಸಡಿಲವಾಗಿ ಅವನ ಅಂಗೈಯಲ್ಲಿತ್ತು. ಒಳಗೆ ಅಗುಳಿ ಹಾಕಿದ ಬಾಗಿಲನ್ನು ಹೊರಗಿನಿಂದ ತಳ್ಳಿದಂತಾಯಿತು. ಇನ್ನೊಂದು ಸಲ ಎತ್ತಿದ. ಅದೇ ಜಾಗ. ಆತ ಆ ಕೈಯನ್ನು ಆಕೆಯ ತೊಡೆಯ ಮೇಲೆ ಹಸುಗೂಸನ್ನು ಮಲಗಿಸಿದಂತೆ ಇಟ್ಟು, ಬಾಗಿಲ ಕಡೆ ತಿರುಗಿ ನಿಂತ.

"ಸುಳ್ಳಿ ಅಂದ್ಬುಟ್ಟೆ" ಎಂದ, ಯಾರಿಗೆ ಹೇಳಿದನೋ.

ಗೆದ್ದ ಗಂಗಲಕ್ಷ್ಮಮ್ಮನಿಗೆ ಮಾತು ಬಂತು. "ನಂಗೆ ಗೊತ್ತಿತ್ತು ಡಾಕ್ಟ್ರಮ್ಮ. ಹುಳ ಜ್ವರಕ್ಕೆ ಕೂತಂಗೆ ಇದೂ ಕೂತೈತೆ ಅಂತ ಮೂರು ತಿಂಗಳು ಜೋಲಿ ಕಟ್ಟಿ ಒಂಚೂರೂ ಅಲುಗಿಸ್ದಂಗೆ ಇಟ್ಟೆ."

ಲತಾಮಣಿಯವರ ಮುಖ ಸಣ್ಣದಾಯಿತು. "ಮೂರು ತಿಂಗಳಾ? ಅದೇ ತಪ್ಪಾಗಿದ್ದು ಅಮ್ಮ. ಅಲುಗಿಸದೆ ಇಟ್ಟಷ್ಟೂ ಆ ಪೊರೆ ಇನ್ನೂ ಬಿಗಿಯುತ್ತೆ. ಕಾಯಿಲೆ ತಾನಾಗಿ ಬಂತು, ಇಷ್ಟು ಬಿಗಿ ಮಾಡಿದ್ದು ನಿಮ್ಮ ಜೋಲಿ."

ಮೂವತ್ತು ವರ್ಷದಲ್ಲಿ ಆಕೆಗೆ ಹೀಗೆ ಎದುರಿಗೇ ತಪ್ಪು ಎಂದವರಿರಲಿಲ್ಲ. ಶಬ್ನಮ್ ಅಂಟು ಒರೆಸುತ್ತ ಸಣ್ಣ ದನಿಯಲ್ಲಿ, "ಹುಳ ಒಳಗೇ ಕೆಲಸ ಮಾಡ್ಕೊಂಡು ಏಳ್ತದೆ ಅಮ್ಮ. ಈ ಭುಜಕ್ಕೆ ನಾವು ಹೊರಗಿಂದ ಕೆಲಸ ಕೊಡ್ಬೇಕು" ಎಂದಳು.

"ಆಯ್ತು. ನಂದೂ ತಪ್ಪೇ" ಎಂದಳು ಗಂಗಲಕ್ಷ್ಮಮ್ಮ. ಇಷ್ಟನ್ನು ಆಕೆಯ ಬಾಯಿಂದ ಕೇಳಲು ಹನುಮಂತಯ್ಯ ಮೂವತ್ತೈದು ವರ್ಷ ಸಂಸಾರ ಮಾಡಬೇಕಾಯಿತು. "ಈಗ ಮೇಲಿನ ಅಂತಸ್ತಿಗೆ ಕೈ ಹೋಯ್ತದೋ ಇಲ್ವೋ, ಅದು ಹೇಳಿ."

"ಹೋಗುತ್ತೆ. ನಾಳೆ ಅಲ್ಲ, ಮುಂದಿನ ತಿಂಗಳೂ ಅಲ್ಲ. ವರ್ಷ ಹಿಡೀಬಹುದು, ಇನ್ನೂ ಹೆಚ್ಚೂ ಆಗಬಹುದು. ಆಪರೇಷನ್ ಸದ್ಯಕ್ಕೆ ಬೇಡ, ಇನ್ನೊಂದು ದೊಡ್ಡ ಸ್ಕ್ಯಾನೂ ಬೇಡ. ಕೀಲಿಗೆ ಒಂದು ಇಂಜೆಕ್ಷನ್ ಕೊಡಬಹುದು, ಅದನ್ನ ನಿಮ್ಮ ಡಾಕ್ಟರು ತೀರ್ಮಾನ ಮಾಡ್ತಾರೆ. ಅದಕ್ಕೆ ಮುಂಚೆ ರಕ್ತದಲ್ಲಿ ಸಕ್ಕರೆ ನೋಡಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಭುಜ ಬರೋದು ಜಾಸ್ತಿ. ದಿನಾ ವ್ಯಾಯಾಮ, ಒಂದು ದಿನವೂ ತಪ್ಪಿಸೋ ಹಾಗಿಲ್ಲ."

ಸಕ್ಕರೆಯೂ ಇತ್ತು, ಅದೇ ದಿನ ಗೊತ್ತಾಯಿತು. ಗಂಗಲಕ್ಷ್ಮಮ್ಮ ಅದನ್ನು ಹೊಸ ಬೀಗರು ಬಂದರೆಂಬಂತೆ ಸ್ವೀಕರಿಸಿದಳು, ಇಷ್ಟವಿಲ್ಲದಿದ್ದರೂ ಮರ್ಯಾದೆ ಕೊಡಲೇಬೇಕಲ್ಲ. ಬಸ್ಸು ಬೈರಾಪಟ್ಟಣ ದಾಟಿದ ಮೇಲೆ ಆತ ಕೇಳಿದ.

"ತುಂಬ ನೋಯ್ತಿತ್ತಾ?"

"ಸಾಯೋಷ್ಟು" ಎಂದಳು. ಸುಮ್ಮನೆ ಹೇಳಿದ್ದಲ್ಲ, ನಿಜವಾಗಿ ಅಷ್ಟೇ ನೋಯುತ್ತಿತ್ತು.

ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟ ವ್ಯಾಯಾಮಗಳಲ್ಲಿ ಎರಡು ಆಕೆ ಒಬ್ಬಳೇ ಮಾಡುವಂಥವು. ಬೆರಳುಗಳನ್ನು ಗೋಡೆಯ ಮೇಲೆ ಏಡಿಯಂತೆ ಹತ್ತಿಸುವುದು ಒಂದು. ಅದಕ್ಕೆ ಗೋಡೆಯೇಕೆ ಎಂದು ಗಂಗಲಕ್ಷ್ಮಮ್ಮ ಹುಳದ ಮನೆಯ ಸ್ಟ್ಯಾಂಡಿನ ಕಂಬವನ್ನೇ ಹಿಡಿದಳು. ಇನ್ನೊಂದು, ಬಗ್ಗಿ ನಿಂತು ಕೈಯನ್ನು ತೂಗಾಡಿಸುವುದು. ಮೂರನೆಯದಕ್ಕೆ ಇನ್ನೊಬ್ಬರು ಬೇಕು. ಅವರು ಕೈಯನ್ನು ಹೊತ್ತು ಮೆಲ್ಲಗೆ ಎತ್ತಬೇಕು, ನಿಂತ ಜಾಗದಲ್ಲಿ ಹತ್ತು ಎಣಿಸಿ ಇಳಿಸಬೇಕು. ರಮ್ಯಾ ಮುಂದೆ ಬಂದಳು.

"ನೀನು ಸೊಪ್ಪು ನೋಡವ್ವ, ಇದು ನನ್ನ ಕೆಲಸ" ಎಂದ ಹನುಮಂತಯ್ಯ. ಬೀಡಿ ಸೇದದೆ, ಕೈಕಾಲು ತೊಳೆದುಕೊಂಡು, ಹೊಸಿಲ ಹೊರಗೆ ಒಂದು ಗಳಿಗೆ ನಿಂತು, ಹೆಂಡತಿ ಬಾ ಎಂದ ಮೇಲೆ ಒಳಗೆ ಬಂದ.

ಗಡುವು ಮುಗಿಯುವ ದಿನ ಬೆಳಿಗ್ಗೆ ಹೊಸ ಹುಳ ಬರುವುದಿತ್ತು. ಸ್ಟ್ಯಾಂಡುಗಳಿಗೆ ಸುಣ್ಣ ಹೊಡೆದು ಕಾಗದ ಹಾಸಿತ್ತು. ನಡುವೆ ಗಂಗಲಕ್ಷ್ಮಮ್ಮ ಕುರ್ಚಿಯ ಮೇಲೆ ಕೂತಿದ್ದಳು, ಗಂಡ ಎದುರು ನಿಂತು ಆಕೆಯ ಮೊಣಕೈಯನ್ನು ಎರಡೂ ಅಂಗೈಗಳಲ್ಲಿ ಹೊತ್ತಿದ್ದ. ಗೇಣು ಮೇಲೆ ಕೈ ನಿಂತಿತು. ಆಕೆ ಹಲ್ಲು ಕಚ್ಚಿದಳು. ಆತ ಎಣಿಸತೊಡಗಿದ.

ಅಷ್ಟರಲ್ಲಿ ಆತನ ಅಂಗಿ ಜೇಬಿನ ಫೋನು ಬಡಿದುಕೊಂಡಿತು. ಇಬ್ಬರಿಗೂ ಯಾರೆಂದು ಗೊತ್ತಿತ್ತು.

"ಶಿವಕುಮಾರ. ಎತ್ತಿ" ಎಂದಳು ಆಕೆ.

"ಕೈ ಬಿಡಂಗಿಲ್ಲ, ಇನ್ನೂ ನಾಲ್ಕೇ ಆಗಿರೋದು" ಎಂದು ಆತ ಎಣಿಕೆ ಮುಂದುವರಿಸಿದ.

ಗಂಗಲಕ್ಷ್ಮಮ್ಮ ಎಡಗೈಯನ್ನು ಗಂಡನ ಜೇಬಿಗೆ ಹಾಕಿ ಫೋನು ತೆಗೆದು ಕಿವಿಗಿಟ್ಟುಕೊಂಡಳು.

"ಅಕ್ಕಾ, ಅಣ್ಣ ಇಲ್ವಾ?" ಎಂದಿತು ಆಚೆಯ ದನಿ. "ತೋಟದ ಇಸ್ಯ ಏನಾಯ್ತು ಅಂತ."

"ಅವರ ಕೈಲಿ ಕೆಲಸ ಐತೆ ಕಣಪ್ಪ. ನಾನೇ ಹೇಳ್ತೀನಿ ಕೇಳು. ತೋಟ ಕೊಡಲ್ಲ. ಇವತ್ತು ಹೊಸ ಹುಳ ಬತ್ತಾವೆ."

ಫೋನು ಮಡಿಲಿಗೆ ಹಾಕಿಕೊಂಡಳು. ಹನುಮಂತಯ್ಯ ಹತ್ತು ಎಣಿಸಿ ಮುಗಿಸಿದ್ದ. ಕೈ ಇಳಿಸಲಿಲ್ಲ. ಹೆಂಡತಿಯ ಮುಖ ನೋಡಿದ. ಆಕೆ ಹೂಂ ಎಂದು ತಲೆಯಾಡಿಸಿದಳು. ಆತ ಮತ್ತೆ ಒಂದರಿಂದ ಶುರುಮಾಡಿದ.